ಶಾಲೆಯ ಬ್ಯಾಂಡಿನಲ್ಲಿ ಮಗಳಿಗೆ ಬ್ಯೂಗಲ್ ಬೇಕಂತೆ, ಮಾಸ್ತರು ತಾಳ ಕೊಡ್ತೇನೆ ಅಂತಾರೆ. ಏನು ಮಾಡಲಿ?

ಮಗಳು ಏಳನೇ ಕ್ಲಾಸು, ಆಳು ಸಣ್ಣ, ಬ್ಯೂಗಲ್ಲೇ (ಊದುವ ಸಣ್ಣ ಕಹಳೆ) ಬೇಕು ಅಂತ ಹಟ. ಪಿ.ಟಿ. ಮಾಸ್ತರು ತಾಳ (ಒಂದಕ್ಕೊಂದು ಬಡಿಯುವ ಜೋಡಿ ಲೋಹದ ತಟ್ಟೆ) ಹಿಡಿ ಅಂದಿದ್ದಾರೆ, ಮನೆಯ ಹಿರಿಯರು ಊದಿ ಊದಿ ಎದೆನೋವು ಬಂದೀತು ಅಂತ ಹೆದರ್ತಾರೆ. ಶಿರಸಿಯಿಂದ ನೀವು ಬರೆದದ್ದು ಇಷ್ಟು. ಕಾರವಾರದಲ್ಲಿ ಓದುವಾಗ ನಾನು ಎರಡು ವರ್ಷ ಸೈಡ್ ಡ್ರಮ್, ಒಂದು ವರ್ಷ ದೊಡ್ಡ ಡ್ರಮ್ ಬಾರಿಸಿದವನು. ಈಗ ಕುಮಟೆಯಲ್ಲಿ ಕೆಲಸ. ಮಳೆಗಾಲದ ಸಂಜೆಗಳಲ್ಲಿ ಹತ್ತಿರದ ಶಾಲೆಯ ಮಕ್ಕಳಿಗೆ ಹೇಳಿಕೊಡ್ತೇನೆ.

ಮೊದಲು ಹಿರಿಯರ ಹೆದರಿಕೆ. ಬ್ಯೂಗಲ್ಲಿಗೆ ಉಸಿರು ಬೇಕು ನಿಜ, ಆದರೆ ಸದ್ದು ಹುಟ್ಟೋದು ತುಟಿಯಲ್ಲಿ. ಇವತ್ತು ರಾತ್ರಿಯೇ ನೋಡಿ: ತುಟಿ ಮುಚ್ಚಿ, ಎರಡೂ ಮೂಲೆ ಬಿಗಿ ಹಿಡಿದು, ಕೆನ್ನೆ ಉಬ್ಬಿಸದೆ ನಡುವಿನಿಂದ ಮಾತ್ರ ಗಾಳಿ ಬಿಡಲಿ. ಜೇನ್ನೊಣ ಕಿವಿಯ ಹತ್ತಿರ ಬಂದಂತೆ ಜುಂಯ್ ಅಂದರೆ ತುಟಿ ಅದಕ್ಕೆ ಒಗ್ಗುತ್ತದೆ. ಬರೀ ಪುಸ್ ಅಂತ ಗಾಳಿ ಹೋದರೂ ಗಾಬರಿ ಬೇಡ, ಎಷ್ಟೋ ಮಕ್ಕಳಿಗೆ ಮೂರ್ನಾಲ್ಕು ದಿನ ಹಾಗೇ ಆಗ್ತದೆ. ಹಲ್ಲಿಗೆ ತಂತಿ ಹಾಕಿಸಿದ್ದರೆ ಮಾತ್ರ ಮೌತ್‌ಪೀಸು ತುಟಿಯನ್ನು ಆ ತಂತಿಗೆ ಒತ್ತಿ ಒಳಗಿಂದ ನೋಯಿಸ್ತದೆ. ಹಾಗಿದ್ದರೆ ಡಾಕ್ಟರ ಹತ್ತಿರ ಕೇಳಿಕೊಂಡೇ ಮುಂದೆ ಹೋಗಿ. ಹುಡುಗಿಯರಿಗೆ ಆಗುವುದಿಲ್ಲ ಎನ್ನುವ ಮಾತನ್ನು ದಯವಿಟ್ಟು ಅವಳ ಕಿವಿಗೆ ಬೀಳಿಸಬೇಡಿ. ನಮ್ಮ ಈಗಿನ ತಂಡದಲ್ಲಿ ಉದ್ದ ಸ್ವರ ಅಲುಗದಂತೆ ಹಿಡಿಯುವವಳು ಒಬ್ಬ ಹುಡುಗಿಯೇ.

ನನ್ನ ಕಾಲದಲ್ಲಿ ಆಯ್ಕೆ ನಡೆದದ್ದು ಎತ್ತರ ನೋಡಿ. ಸಾಲಾಗಿ ನಿಲ್ಲಿಸಿದರು, ಉದ್ದದವರಿಗೆ ದೊಡ್ಡ ಡ್ರಮ್, ಗಿಡ್ಡದವರಿಗೆ ತಾಳ, ಟ್ರೈಯಾಂಗಲ್. ಕೊಳಲಿಗೆ ಆಸೆಪಟ್ಟಿದ್ದ ನನ್ನ ಗೆಳೆಯನಿಗೆ ಉದ್ದ ಇದ್ದಾನೆ ಅಂತ ದೊಡ್ಡ ಡ್ರಮ್ ಹೊರಿಸಿದರು. ದೀಪಾವಳಿಯೊಳಗೆ ಬ್ಯಾಂಡನ್ನೇ ಬಿಟ್ಟ. ಆಮೇಲೆ ಅವನು ಯಾವ ವಾದ್ಯವನ್ನೂ ಮುಟ್ಟಿದ್ದು ನಾನು ನೋಡಲಿಲ್ಲ. ಆ ಸಂಗತಿ ನನಗೆ ಇವತ್ತಿಗೂ ಬೇಸರವೇ.

ಹಾಗಂತ ಬರೀ ಆಸೆ ನೋಡಿ ಕೊಡಿಸಿ ಅಂತಲೂ ನಾನು ಹೇಳುವುದಿಲ್ಲ. ಆಗಸ್ಟ್ 15ಕ್ಕೆ ಮೈದಾನದಲ್ಲಿ ಬಾರಿಸೋದು ಅರ್ಧ ತಾಸು, ಅದಕ್ಕೆ ಜೂನ್‌ನಿಂದ ಮಳೆಯ ಸದ್ದಿನ ನಡುವೆ ಶಾಲೆಯ ಜಗುಲಿಯಲ್ಲಿ ತಾಲೀಮು. ಒಂದೊಂದು ವಾದ್ಯದ ಬೇಸರ ಒಂದೊಂದು ಥರ. ಯಾವ ಬೇಸರವನ್ನು ನಿಮ್ಮ ಮಗಳು ದಿನಾ ತಡೆದಾಳು ಅನ್ನೋದನ್ನು ನೋಡಬೇಕು. ಸೈಡ್ ಡ್ರಮ್ ಅಂದರೆ ತಿಂಗಳುಗಟ್ಟಲೆ ಬಲ-ಬಲ-ಎಡ-ಎಡ. ನಾನು ಹಳೇ ಟೈರಿನ ತುಂಡನ್ನು ಮಣೆಗೆ ಹೊಡೆದು ಅದರ ಮೇಲೆ ಬಾರಿಸ್ತಿದ್ದೆ. ಎಡಗೈ ಅಂಗೈ ಮೇಲೆ ಮಾಡಿ ಕೋಲು ಹಿಡಿಯೋದರಿಂದ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಯಿತು. ನನಗೆ ಅದು ಹಿತವಾಗಿತ್ತು, ಎಣಿಸುವ ಕೆಲಸ ನನಗೆ ಮೊದಲಿಂದ ಇಷ್ಟ.

ಬ್ಯೂಗಲ್ಲಿನ ಬೇಸರ ಬೇರೆ. ಅದಕ್ಕೆ ಟ್ರಂಪೆಟ್ಟಿನಂತೆ ಒತ್ತುವ ಗುಂಡಿಗಳಿಲ್ಲ, ಕೊಳಲಿನಂತೆ ತೂತುಗಳಿಲ್ಲ. ತುಟಿ ಬಿಗಿ ಮಾಡಿದಷ್ಟು ಸ್ವರ ಮೇಲೆ ಹಾರ್ತದೆ, ಅಷ್ಟೇ. ಶಾಲೆಯಲ್ಲಿ ಊದೋದು ಹೆಚ್ಚಾಗಿ ಐದೇ ಸ್ವರ: ಸ, ಪ, ಮೇಲಿನ ಸ, ಅದರ ಗ, ಅದರ ಪ. ರಿ ಇಲ್ಲ, ಮ ಇಲ್ಲ. ಹಾಗಾಗಿ ಬ್ಯೂಗಲ್ಲಿನಲ್ಲಿ ರಾಷ್ಟ್ರಗೀತೆ ಬರೋದಿಲ್ಲ, ಅದಕ್ಕೆ ಕೊಳಲೋ ಟ್ರಂಪೆಟ್ಟೋ ಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಈ ಐದನ್ನು ಒತ್ತಿ ಅವಳಿಗೆ ಕೇಳಿಸಿ. ಹಾಡು ನುಡಿಸುವ ಆಸೆಯ ಹುಡುಗಿಗೆ ಆರು ತಿಂಗಳಲ್ಲಿ ಸಾಕಾಗ್ತದೆ. ಒಂದೇ ಸ್ವರವನ್ನು ನಿನ್ನೆಗಿಂತ ನೆಟ್ಟಗೆ ನಿಲ್ಲಿಸುವುದರಲ್ಲಿ ಸುಖ ಕಾಣುವವಳಾದರೆ ಅದು ಅವಳದೇ ವಾದ್ಯ.

ತಾಳವನ್ನೂ ಕಡೆಗಣಿಸಬೇಡಿ. ಎರಡನ್ನೂ ಸಮಾ ಎದುರುಬದುರು ಬಡಿದರೆ ನಡುವೆ ಗಾಳಿ ಸಿಕ್ಕಿಬಿದ್ದು ಡಬ್ ಅಂತ ಸತ್ತ ಸದ್ದು ಬರ್ತದೆ. ಒಂದರ ಅಂಚು ಸ್ವಲ್ಪ ಓರೆಯಾಗಿ ತಾಗಿ ಜಾರಿದಾಗಲೇ ಝಣ್ ಅಂತ ಬಿಚ್ಚಿಕೊಳ್ಳೋದು. ಕವಾಯತಿನ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಅಂದರೆ ಸೆಕೆಂಡಿಗೊಮ್ಮೆ ಎಡಗಾಲು. ಆ ಎಡಗಾಲಿಗೇ ದೊಡ್ಡ ಡ್ರಮ್ಮಿನ ಪೆಟ್ಟು. ತಾಳದವಳು ಅದಕ್ಕೆ ಕಿವಿ ಕೊಟ್ಟು ಕೂದಲೆಳೆ ತಪ್ಪದೆ ಬೀಳಬೇಕು. ಆಮೇಲೆ ಯಾವ ವಾದ್ಯಕ್ಕೆ ಹೋದರೂ ಆ ಕಿವಿ ಉಪಯೋಗಕ್ಕೆ ಬರ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಸ್ತರ ಹತ್ತಿರ ಹೋಗಿ, ತಾಳ ಬೇಡ ಅನ್ನದೆ, ಬ್ಯೂಗಲ್ಲನ್ನು ಒಂದು ವಾರ ಮನೆಗೆ ಕೊಡಿ ಅಂತ ಕೇಳ್ತಿದ್ದೆ. ದಿನಕ್ಕೆ ಹತ್ತು ನಿಮಿಷ ಸಾಕು, ತುಟಿ ಸೋತ ಮೇಲೆ ಊದಿದರೆ ಪ್ರಯೋಜನವಿಲ್ಲ. ಯಾರೂ ನೆನಪಿಸದೆ ಎಂಟನೇ ದಿನವೂ ಅವಳಾಗಿಯೇ ತೆಗೆದು ಊದಿದರೆ ಮಾಸ್ತರಿಗೆ ಅದನ್ನೇ ಹೇಳಿ. ಮೌತ್‌ಪೀಸು ಮಾತ್ರ ಅವಳದ್ದೇ ಬೇರೆ ತೆಗೆದುಕೊಡಿ, ಮಳೆಗಾಲದ ಶೀತ-ಕೆಮ್ಮಿನಲ್ಲಿ ಒಂದೇ ಮೌತ್‌ಪೀಸು ನಾಲ್ಕು ಮಕ್ಕಳ ಬಾಯಿಗೆ ಹೋಗೋದು ಬೇಡ.