ನಶ್ಯದ ಲೇಖನದಲ್ಲಿ ಸುಣ್ಣವೇ ಇಲ್ಲ

ನಮಸ್ಕಾರ.

ನಿಮ್ಮ ‘ಅಜ್ಜನ ನಶ್ಯದ ಡಬ್ಬಿ’ ಓದಿದೆವು. ಈಗಿರುವಂತೆ ಹಾಕಿಕೊಳ್ಳಲಾಗದು, ತಿದ್ದಿ ಕಳಿಸಿದರೆ ಜಾಗವಿದೆ. ಕೊಡವರ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಅಜ್ಜ ಡಬ್ಬಿಯ ಮುಚ್ಚಳ ತಟ್ಟಿ, ಚಿಟಿಕೆ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಸೀನುವ ಆರಂಭ ಸೊಗಸಾಗಿದೆ. ಅದನ್ನು ಮುಟ್ಟಬೇಡಿ. ಲೇಖನ ಹಳಿ ತಪ್ಪುವುದು ನಶ್ಯ ‘ಚರಕನ ಕಾಲದಿಂದಲೂ’ ಇದೆ ಎಂಬಲ್ಲಿ.

ಆಯುರ್ವೇದದ ನಸ್ಯ ಪಂಚಕರ್ಮಗಳಲ್ಲೊಂದು. ಮೂಗಿನ ಮೂಲಕ ಔಷಧಿ ಕೊಡುವ ಚಿಕಿತ್ಸೆ. ಅಜ್ಜನ ನಶ್ಯವೋ ಹೊಗೆಸೊಪ್ಪಿನ ಪುಡಿ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಚರಕನಿಗೆ ಅದರ ವಾಸನೆಯೂ ಗೊತ್ತಿರಲಿಲ್ಲ. ಕುಶಾಲನಗರ ದಾಟಿದರೆ ಸಿಗುವ ಪಿರಿಯಾಪಟ್ಟಣದ ಬ್ಯಾರನ್‌ಗಳನ್ನೂ (ಹೊಗೆಸೊಪ್ಪು ಒಣಗಿಸುವ ಮನೆಗಳು) ಲೇಖನದಿಂದ ಕೈಬಿಡಿ: ಅಲ್ಲಿ ಹದ ಮಾಡುವ ವರ್ಜೀನಿಯಾ ಸೊಪ್ಪು ಮುಖ್ಯವಾಗಿ ಸಿಗರೇಟಿಗೆ ಹೋಗುತ್ತದೆ.

‘ಟಾರ್, ಕಾರ್ಬನ್ ಮಾನಾಕ್ಸೈಡ್ ಸೇರಿ ನಾಲ್ಕು ಸಾವಿರ ರಾಸಾಯನಿಕ’ ಎಂಬುದು ಹೊಗೆಯ ಲೆಕ್ಕ. ನಶ್ಯವನ್ನು ಯಾರೂ ಸುಡುವುದಿಲ್ಲವಲ್ಲ! ನೀವು ಬರೆಯಬೇಕಿದ್ದದ್ದು ಸುಣ್ಣದ ಬಗ್ಗೆ. ನಮ್ಮ ಕಡೆಯ ನಶ್ಯದಲ್ಲಿ ಹುರಿದ ಹೊಗೆಸೊಪ್ಪಿನ ಪುಡಿಗೆ ತುಪ್ಪ, ಸುಣ್ಣ ಬೆರೆಸುವ ರೂಢಿಯಿದೆ. ಎಲೆಯಲ್ಲಿ ನಿಕೋಟಿನ್ ಆಮ್ಲಗಳಿಗೆ ಅಂಟಿಕೊಂಡು ಲವಣವಾಗಿರುತ್ತದೆ. ಆ ರೂಪದಲ್ಲಿ ಅದು ಮೂಗಿನ ಒಳಪೊರೆಯನ್ನು ಸುಲಭವಾಗಿ ದಾಟದು. ಸುಣ್ಣ ಬಿದ್ದೊಡನೆ ಪುಡಿ ಕ್ಷಾರವಾಗಿ ನಿಕೋಟಿನ್ ಬಿಡಿಯಾಗುತ್ತದೆ, ಸಲೀಸಾಗಿ ದಾಟುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ; ಏರಿದಷ್ಟೂ ಕ್ಷಾರ) 7ರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಬಿಡಿ, 8ರಲ್ಲಿ ಅರ್ಧ, 9ರಲ್ಲಿ ಹತ್ತರಲ್ಲಿ ಒಂಬತ್ತು. ಹಾಗಾಗಿ ‘ಒಂದು ಚಿಟಿಕೆಯಲ್ಲಿ ಇಷ್ಟು ಮಿಲಿಗ್ರಾಂ’ ಎಂದರೆ ಅರ್ಧ ಮಾತು. ಅಷ್ಟೇ ನಿಕೋಟಿನ್ ಇರುವ ಎರಡು ಪುಡಿಗಳಲ್ಲಿ ಸುಣ್ಣ ಹೆಚ್ಚಿರುವುದೇ ಬೇಗ ತಲೆಗೇರುತ್ತದೆ. ಒಳಪೊರೆಯನ್ನು ಸುಡುವುದೂ ಅದೇ.

ಇನ್ನೊಂದು ಬಿಟ್ಟುಹೋದ ಸಂಗತಿ ಹೊಗೆಸೊಪ್ಪಿನಲ್ಲಿ ಹುಟ್ಟುವ ನೈಟ್ರೋಸಮೈನ್ ಎಂಬ ರಾಸಾಯನಿಕಗಳು, ಅದರಲ್ಲೂ ಎನ್‌ಎನ್‌ಎನ್ ಮತ್ತು ಎನ್‌ಎನ್‌ಕೆ. ಎರಡೂ ಕ್ಯಾನ್ಸರ್‌ಕಾರಕ. ಹಸಿ ಎಲೆಯಲ್ಲಿ ಇವು ತೀರಾ ಕಡಿಮೆ. ಹದ ಮಾಡುವಾಗ, ಹುಳಿಸುವಾಗ, ದಾಸ್ತಾನಿನಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡಿದಾಗ ಹೆಚ್ಚುತ್ತವೆ. ತೇವ ಇದಕ್ಕೆ ಅನುಕೂಲ. ನಮ್ಮ ಆಷಾಢದ ಮಳೆಯಲ್ಲಿ ಗಂಟು ಕಟ್ಟುವ ಪುಡಿಯ ಬಗ್ಗೆ ಇಲ್ಲಿ ಒಂದು ವಾಕ್ಯ ಬರೆಯಬಹುದು. ಆದರೆ ‘ಮಡಿಕೇರಿಯ ನಶ್ಯ ಹೆಚ್ಚು ವಿಷ’ ಎಂದು, ಯಾರೂ ಅಳೆಯದೆ, ಬರೆಯಬೇಡಿ.

‘ನಶ್ಯದವರಿಗೆ ಮೂಗಿನ ಕ್ಯಾನ್ಸರ್ ಖಚಿತ’ ಎಂಬ ವಾಕ್ಯ ಹೊಡೆದುಹಾಕಿದ್ದೇವೆ. ಲಂಡನ್ನಿನ ವೈದ್ಯ ಜಾನ್ ಹಿಲ್ 1761ರಲ್ಲೇ ಆ ಸಂಶಯ ಎತ್ತಿದ್ದರು, ನಿಜ. ಆದರೆ ಹೊಗೆರಹಿತ ತಂಬಾಕಿನ ವಿಷಯದಲ್ಲಿ ಗಟ್ಟಿ ಪುರಾವೆ ಇರುವುದು ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ, ಅದೂ ಹೆಚ್ಚಾಗಿ ಬಾಯಲ್ಲಿ ಇಟ್ಟುಕೊಳ್ಳುವವರಲ್ಲಿ. ಮೂಗಿನ ಮಟ್ಟಿಗೆ ಪುರಾವೆ ತೆಳು. ಉತ್ಪ್ರೇಕ್ಷೆ ಕಂಡ ಓದುಗ ಉಳಿದದ್ದನ್ನೂ ನಂಬುವುದಿಲ್ಲ. ಒಳಪೊರೆ ಊದುವುದು, ಒಣಗಿ ಹಕ್ಕಳೆ ಕಟ್ಟುವುದು, ವಾಸನೆ ಮಂಕಾಗುವುದು, ನಾಡಿಬಡಿತ ಮತ್ತು ರಕ್ತದೊತ್ತಡ ಏರುವುದು, ಬಿಡಲಾಗದ ಚಟ: ಇವನ್ನು ಬರೆಯಿರಿ. ಬಸುರಿಯರ ಬಗ್ಗೆ ಒಂದು ಪ್ಯಾರಾ ಬೇಕೇಬೇಕು, ನಿಕೋಟಿನ್ ಮಗುವನ್ನೂ ತಲುಪುತ್ತದೆ.

ಕೊನೆಗೆ ‘ತುಳಸಿ ಕಷಾಯ ನಿಕೋಟಿನ್ ತೆಗೆಯುತ್ತದೆ’ ಎಂದಿದ್ದೀರಿ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ತಾನಾಗಿಯೇ ಅರ್ಧಕ್ಕಿಳಿಯುತ್ತದೆ. ಕೈ ಮತ್ತೆ ಡಬ್ಬಿ ಹುಡುಕುವುದೇ ಅದಕ್ಕೆ. ಕಷಾಯದ ಜಾಗದಲ್ಲಿ ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356 ಹಾಕಿ, ಕರೆ ಉಚಿತ ಎಂದೂ ಬರೆಯಿರಿ.