ನಿಮ್ಮ ಅನೋವಾ ಲೇಖನ ಈಗಲೇ ಹಾಕಲು ಆಗುವುದಿಲ್ಲ, ಕಾರಣ ಇಲ್ಲಿದೆ

ನಮಸ್ಕಾರ. ಅನೋವಾ, ಅಂದರೆ ಗುಂಪುಗಳ ಸರಾಸರಿಗಳ ವ್ಯತ್ಯಾಸವನ್ನು ಗುಂಪಿನೊಳಗಿನ ಏರುಪೇರಿನ ಜೊತೆ ಹೋಲಿಸುವ ಸಂಖ್ಯಾಶಾಸ್ತ್ರದ ವಿಧಾನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಬೇಕಾದದ್ದೇ. ಆದರೆ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಮೂರು ಗೊಬ್ಬರ, ಒಂದೊಂದಕ್ಕೆ ಮೂರು ಕುಂಡ, ಗಿಡಗಳ ಸರಾಸರಿ ಎತ್ತರ 5, 8, 11 ಸೆಂಟಿಮೀಟರ್, ‘ಆದ್ದರಿಂದ ಗೊಬ್ಬರದಿಂದಲೇ ವ್ಯತ್ಯಾಸ’ ಅಂತ ಬರೆದಿದ್ದೀರಿ. ಸರಾಸರಿ ನೋಡಿದರೆ ಸಾಕು ಅನ್ನುವುದಾದರೆ ಅನೋವಾ ಯಾಕೆ ಬೇಕು ಹೇಳಿ?

ಗುಂಪಿನ ಒಳಗೆ ಏನಿದೆ ಅಂತ ಓದುಗರಿಗೆ ತೋರಿಸಿ. ಎತ್ತರಗಳು 4, 5, 6. 7, 8, 9. 10, 11, 12 ಅಂತಿಟ್ಟುಕೊಳ್ಳಿ. ಒಟ್ಟು ಸರಾಸರಿ 8. ಪ್ರತಿ ಗಿಡ ಅದರಿಂದ ಎಷ್ಟು ದೂರ ಇದೆ ಅಂತ ನೋಡಿ, ವರ್ಗ ಮಾಡಿ ಕೂಡಿದರೆ 60 ಬರುತ್ತದೆ. ಅದರಲ್ಲಿ 54 ಗುಂಪುಗಳ ನಡುವಿನದು, 6 ಮಾತ್ರ ಒಳಗಿನದು. ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರವಾಗಿ ಬದಲಾಗಬಲ್ಲ ಬೆಲೆಗಳ ಸಂಖ್ಯೆ) 2 ಮತ್ತು 6. 54ನ್ನು 2ರಿಂದ, ಒಳಗಿನ 6ನ್ನು 6ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ ಎಫ್ ಬೆಲೆ 27.

ಈಗ 1, 6, 8. 4, 7, 13. 7, 11, 15 ಇಡಿ. ಸರಾಸರಿಗಳು ಅವೇ, 54 ಕೂಡ ಹಾಗೇ ಇದೆ. ಆದರೆ ಒಳಗಿನ ಮೊತ್ತ 100ಕ್ಕೆ ಏರಿ ಎಫ್ ಬರೀ 1.62ಕ್ಕೆ ಇಳಿಯುತ್ತದೆ. ಗೊಬ್ಬರಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಬರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ ಅನ್ನಲು ಎಫ್ 5.14 ದಾಟಬೇಕಿತ್ತು. ಗೊಬ್ಬರ ಕೆಲಸಕ್ಕೆ ಬಾರದ್ದು ಅಂತ ಇದರಿಂದ ಸಾಬೀತಾಗುವುದಿಲ್ಲ, ಅದನ್ನೂ ಒಂದು ಸಾಲಲ್ಲಿ ಹೇಳಿಬಿಡಿ.

ಆ 100ರಂಥ ಒಳಗಿನ ಮೊತ್ತವನ್ನು ನೀವು ಲೇಖನದಲ್ಲಿ ಸುಮ್ನೆ ‘ದೋಷ’ ಅಂತ ಕರೆದು ಮುಂದೆ ಹೋಗಿದ್ದೀರಿ. ನನಗೆ ಜಾಸ್ತಿ ಬೇಸರವಾದದ್ದು ಇಲ್ಲೇ. ಅದು ಎಲ್ಲಿಂದ ಬಂತು ಅಂತ ಕೇಳಬೇಕಲ್ವಾ? ಕುಂಡಗಳನ್ನು ಕಿಟಕಿಯಿಂದ ದೂರ, ನಡುವೆ, ಹತ್ತಿರ ಅಂತ ಮೂರು ಸಾಲಿನಲ್ಲಿ ಇಟ್ಟು, ಪ್ರತಿ ಸಾಲಿನಲ್ಲೂ ಮೂರೂ ಗೊಬ್ಬರ ಇರುವಂತೆ ಮೊದಲೇ ಹಂಚಿದ್ದರೆ, ಸಾಲುಗಳ ಎತ್ತರ ಹೀಗಿರಬಹುದು: 1, 4, 7. 6, 7, 11. 8, 13, 15. ಸಾಲುಗಳ ಸರಾಸರಿ 4, 8, 12. ನೂರರಲ್ಲಿ 96 ಬರೀ ಸಾಲಿನದು! ಉಳಿದದ್ದು 4, ಅದಕ್ಕೆ ಡಿಗ್ರೀಸ್ ಆಫ್ ಫ್ರೀಡಂ 4, ಹಾಗಾಗಿ ಎಫ್ ಮತ್ತೆ 27. ಫಲಿತಾಂಶ ನೋಡಿದ ಮೇಲೆ ಬೇಕಾದ ಹಾಗೆ ಸಾಲು ಮಾಡಿಕೊಳ್ಳುವಂತಿಲ್ಲ, ಇದನ್ನು ಒತ್ತಿ ಹೇಳಿ.

ಅನೋವಾ ರೂಪಿಸಿದ ಫಿಷರ್ ಅವರ ಜೀವನಕ್ಕೆ ಒಂದು ಪುಟ ಕೊಟ್ಟಿದ್ದೀರಿ. 1919ರಲ್ಲಿ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿದರು, 1925ರಲ್ಲಿ ಸಂಶೋಧಕರಿಗಾಗಿ ಸಂಖ್ಯಾಶಾಸ್ತ್ರದ ಪುಸ್ತಕ ತಂದರು, ಅಷ್ಟು ಸಾಕು. ಹೊಲದ ಮಣ್ಣು ಎಲ್ಲ ಕಡೆ ಒಂದೇ ತರ ಇರುವುದಿಲ್ಲ, ಅದಕ್ಕೇ ಅವರು ಈ ಕುಂಡದ ಸಾಲುಗಳ ಹಾಗೆ ಹೊಲದಲ್ಲಿ ಒಂದೇ ತರದ ಮಣ್ಣಿನ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು ಮಾಡಿದರು ಅನ್ನುವುದನ್ನು ಬರೆಯಿರಿ. ಎಫ್ ದೊಡ್ಡದಾದರೂ ಯಾವ ಗೊಬ್ಬರ ಬೇರೆ ಅಂತ ಅದು ಹೇಳುವುದಿಲ್ಲ, ಕೊನೆಯ ಪ್ಯಾರಾದಲ್ಲಿ ಅದೂ ಬರಲಿ. ಸೂತ್ರಗಳನ್ನು ಲೆಕ್ಕದ ನಂತರ ಇಡಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.