ಪ್ಯಾಟರ್ನ್ ಆದ ಮೇಲೆ ಡ್ರಾಯಿಂಗ್ ಬದಲಾದರೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಹೊಸ ಉತ್ಪನ್ನದ ವಿನ್ಯಾಸ ಕೊನೇ ಗಳಿಗೆಯಲ್ಲಿ ಬದಲಾಗುವುದನ್ನು ತಡೆಯುವುದು ಹೇಗೆ ಎಂದು ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳಿಂದ ಪ್ರಶ್ನೆಗಳು ಬಂದಿವೆ. ‘ಲೀನ್ ಪ್ರಾಡಕ್ಟ್ ಡೆವಲಪ್‌ಮೆಂಟ್’ (ಬೇಕಾದ್ದನ್ನು ಮೊದಲು ತಿಳಿದುಕೊಂಡು, ಆಮೇಲೆ ತೀರ್ಮಾನ ಗಟ್ಟಿ ಮಾಡಿ, ವ್ಯರ್ಥ ಕೆಲಸ ತಪ್ಪಿಸುವ ವಿನ್ಯಾಸ ಕ್ರಮ) ಎಂಬ ಪದ್ಧತಿಯ ಬಗ್ಗೆಯೂ ಕೆಲವರು ಕೇಳಿದ್ದಾರೆ. ನಾಲ್ಕು ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಟ್ರ್ಯಾಕ್ಟರ್ ಟ್ರೇಲರ್ ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಮಾಡುತ್ತೇವೆ. ಬೋರ್ (ಒಳವ್ಯಾಸ) 80 ಮಿ.ಮೀ., ಒತ್ತಡ 160 ಬಾರ್, ರಾಡ್ 45 ಮಿ.ಮೀ. ಸ್ಯಾಂಪಲ್ ಪಾಸಾದ ಮೇಲೆ ಟ್ರೇಲರ್‌ನವರು ಚಾಸಿಯ ಪಿನ್ ಜಾಗ ಸರಿಸಿದರು. ಪೂರ್ತಿ ತೆರೆದಾಗಿನ ಉದ್ದ 1,200ರಿಂದ 1,400 ಮಿ.ಮೀ.ಗೆ ಹೋಯಿತು. ರಾಡ್, ಗ್ಲ್ಯಾಂಡ್ (ರಾಡ್ ಹೊರಬರುವ ತುದಿಯ ಮುಚ್ಚಳ), ಸೀಲ್, ಬುಷ್ ಎಲ್ಲ ಬದಲಾದವು. ತಂದಿಟ್ಟ ಕ್ರೋಮ್ ರಾಡ್ ಹಾಗೇ ಬಿದ್ದಿದೆ. ಇದನ್ನು ತಪ್ಪಿಸಬಹುದಿತ್ತೆ?
– ಮಚ್ಛೆ, ಬೆಳಗಾವಿ

ಉತ್ತರ: ತಪ್ಪಿಸಬಹುದಿತ್ತು. ಪಿನ್ ಸರಿಸಿದವರು ಅವರೇ, ನಿಜ. ಆದರೆ ಉದ್ದ ಇನ್ನೂ ಅಲ್ಲಾಡುತ್ತಿದ್ದಾಗಲೇ ರಾಡಿನ ದಪ್ಪವನ್ನು ಗಟ್ಟಿ ಮಾಡಿದ್ದು ನೀವು.

ಲೆಕ್ಕ ನೋಡಿ. 80 ಮಿ.ಮೀ. ಬೋರಿನ ವಿಸ್ತೀರ್ಣ 5,027 ಚದರ ಮಿ.ಮೀ. 160 ಬಾರ್ ಎಂದರೆ ಚದರ ಮಿ.ಮೀ.ಗೆ 16 ನ್ಯೂಟನ್. ಒಟ್ಟು ನೂಕು ಸುಮಾರು 80.4 ಕಿಲೋನ್ಯೂಟನ್, ನಮ್ಮ ಮಾತಿನಲ್ಲಿ 8.2 ಟನ್. ಇಷ್ಟು ಭಾರಕ್ಕೆ ಉದ್ದನೆಯ ರಾಡ್ ಬಾಗಿಬಿಡಬಹುದು, ಅಂದರೆ ಬಕ್ಲಿಂಗ್. ಎರಡೂ ತುದಿಗೆ ಪಿನ್ ಇದೆ ಎಂದಿಟ್ಟುಕೊಂಡು, ಪಿನ್‌ನಿಂದ ಪಿನ್‌ವರೆಗಿನ ಪೂರ್ತಿ ಉದ್ದವೂ ರಾಡೇ ಎಂದು ಭಾವಿಸಿ, 3.5 ಪಟ್ಟು ಸುರಕ್ಷತೆ ಇಟ್ಟು ಬಕ್ಲಿಂಗ್ ಲೆಕ್ಕದ ಆಯ್ಲರ್ ಸೂತ್ರ ಹಾಕಿದರೆ ಸಿಗುವ ಗರಿಷ್ಠ ಉದ್ದ ಹೀಗಿದೆ: 40 ಮಿ.ಮೀ. ರಾಡಿಗೆ 960 ಮಿ.ಮೀ., 45ಕ್ಕೆ 1,215, 50ಕ್ಕೆ 1,500, 56ಕ್ಕೆ 1,885.

ನಿಮ್ಮ 45ರ ರಾಡ್ 1,200ಕ್ಕೆ ಅಂಚಿನಲ್ಲಿ ನಿಂತಿತ್ತು. ಹದಿನೈದು ಮಿ.ಮೀ.ಗಿಂತ ತುಸು ಹೆಚ್ಚಾದರೂ ಅದು ಸಾಲದು. ಈ ಸಂಗತಿ ಡ್ರಾಯಿಂಗ್‌ನಲ್ಲಿ ಎಲ್ಲೂ ಕಾಣುವುದಿಲ್ಲ, ಹಾಗಾಗಿ ಪಿನ್ ಸರಿಸುವವರಿಗೂ ಗೊತ್ತಾಗುವುದಿಲ್ಲ. ಲೀನ್ ಪದ್ಧತಿಯಲ್ಲಿ ಇಂಥ ಅಂಕಿಗಳನ್ನು ಗೆರೆಯಾಗಿ ಎಳೆದು ಗೋಡೆಗೆ ಹಾಕುತ್ತಾರೆ. ಅದಕ್ಕೆ ಟ್ರೇಡ್-ಆಫ್ ಕರ್ವ್ ಎನ್ನುತ್ತಾರೆ. ಒಂದು ಸಲ ಎಳೆದರೆ ಆ ಬೋರ್, ಆ ಒತ್ತಡದ ಮುಂದಿನ ಎಲ್ಲ ಆರ್ಡರ್‌ಗೂ ಅದೇ ಸಾಕು.

ಗೆರೆ ಕೈಯಲ್ಲಿದ್ದರೆ ಗ್ರಾಹಕರಿಗೆ ಕೇಳುವ ಪ್ರಶ್ನೆಯೂ ಬದಲಾಗುತ್ತದೆ. ‘ಉದ್ದ ಎಷ್ಟು?’ ಎಂದು ಕೇಳಿದರೆ ಅವರು ಅಂದಾಜಿನ ಮೇಲೆ ಒಂದು ಅಂಕಿ ಹೇಳುತ್ತಾರೆ, ಆಮೇಲೆ ಬದಲಿಸುತ್ತಾರೆ. ‘ಎಷ್ಟರಿಂದ ಎಷ್ಟರ ಒಳಗೆ?’ ಎಂದು ಕೇಳಿ. ಉತ್ತರ 1,200ರಿಂದ 1,450 ಎಂದು ಬಂದರೆ ರಾಡ್ 50 ಎಂದು ಅಂದೇ ತೀರ್ಮಾನವಾಯಿತು. ಉದ್ದ ತಿಂಗಳು ಕಳೆದು ಗೊತ್ತಾದರೂ ಗ್ಲ್ಯಾಂಡ್, ಸೀಲ್ ಕೆಲಸ ನಿಲ್ಲುವುದಿಲ್ಲ. 45ಕ್ಕಿಂತ 50ರ ರಾಡ್ ಮೀಟರಿಗೆ ಸುಮಾರು 2.9 ಕಿಲೋ ಹೆಚ್ಚು ತೂಗುತ್ತದೆ. ಅಷ್ಟು ಉಕ್ಕಿನ ದುಡ್ಡು, ಬಿದ್ದಿರುವ ಕ್ರೋಮ್ ರಾಡಿನ ದುಡ್ಡು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

1,400ರಿಂದ 1,600 ಎಂದು ಬಂದರೆ? ಆಗ 50, 56 ಎರಡನ್ನೂ ಉಳಿಸಿಕೊಳ್ಳಿ. ಗ್ಲ್ಯಾಂಡಿನ ಹೊರ ಅಳತೆ ಟ್ಯೂಬಿಗೆ ಹೊಂದುವಂಥದ್ದು, ಅದು ಎರಡಕ್ಕೂ ಒಂದೇ. ಒಳಬೋರ್ ಮತ್ತು ಸೀಲ್ ಕೂರುವ ತೋಡು ಮಾತ್ರ ಬೇರೆ. ಎರಡು ಡ್ರಾಯಿಂಗ್ ಮಾಡಿಟ್ಟುಕೊಳ್ಳಿ, ಮಾಲಿಗೆ ಆರ್ಡರ್ ಮಾತ್ರ ಕೊಡಬೇಡಿ. ಯಾವ ಸಾಮಾನು ಬರಲು ಎಲ್ಲಕ್ಕಿಂತ ಹೆಚ್ಚು ದಿನ ಬೇಕೋ, ಡೆಲಿವರಿ ದಿನದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ. ನಿಮ್ಮಲ್ಲಿ ಅದು ಬಹುಶಃ ಹೋನ್ ಮಾಡಿದ (ಒಳಮೈ ಉಜ್ಜಿ ನಯಗೊಳಿಸಿದ) ಟ್ಯೂಬ್ ಅಥವಾ ಕ್ರೋಮ್ ರಾಡ್. ಅದರ ಜತೆಗೆ ಮಷಿನಿಂಗ್, ಜೋಡಣೆ, ಟೆಸ್ಟಿಂಗ್ ದಿನಗಳನ್ನೂ ಕಳೆಯಿರಿ. ಸಿಕ್ಕ ತಾರೀಖು ತೀರ್ಮಾನದ ಕೊನೇ ದಿನ. ಅದನ್ನು ಗ್ರಾಹಕರಿಗೆ ಮೊದಲೇ ಬರೆದು ತಿಳಿಸಿ.

ಒಂದು ಎಚ್ಚರಿಕೆ. ಭಾರ ನೇರವಾಗಿ ಬಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಪಿನ್ ಬ್ರ್ಯಾಕೆಟ್ ಓರೆಯಾಗಿ ವೆಲ್ಡ್ ಆಗಿದ್ದರೆ ರಾಡಿಗೆ ಅಡ್ಡ ಹೊರೆ ಬಿದ್ದು ಗ್ಲ್ಯಾಂಡ್ ಬುಷ್ ಒಂದೇ ಕಡೆ ಸವೆಯುತ್ತದೆ, ಎಣ್ಣೆ ಸೋರುತ್ತದೆ. ಒಂದು ತುದಿಯನ್ನು ಫ್ಲ್ಯಾಂಜ್‌ನಲ್ಲಿ ಬಿಗಿದರೆ, ಅಥವಾ ಸಿಲಿಂಡರಿನ ನಡುವೆ ಟ್ರನಿಯನ್ (ಸಿಲಿಂಡರ್ ತೂಗಿ ತಿರುಗುವ ಅಡ್ಡ ಗೂಟ) ಕೂರಿಸಿದರೆ ಮೇಲಿನ ಅಂಕಿಗಳು ಹೊಂದುವುದಿಲ್ಲ. ಹೊಸದಾಗಿ ಲೆಕ್ಕ ಹಾಕಬೇಕು.

ಪ್ರಶ್ನೆ: ಫೌಂಡ್ರಿ ನಮ್ಮದು. ಗ್ರಾಹಕರು ಕೊಟ್ಟ ಡ್ರಾಯಿಂಗ್‌ನಂತೆ ಪ್ಯಾಟರ್ನ್ (ಮರಳಿನಲ್ಲಿ ಎರಕದ ಅಚ್ಚು ಮೂಡಿಸುವ ಮಾದರಿ) ಮಾಡಿಸಿದರೂ ಮೂರು ನಾಲ್ಕು ಸಲ ತಿದ್ದಬೇಕಾಗುತ್ತದೆ. ಒಮ್ಮೆ ಶ್ರಿಂಕೇಜ್ (ಎರಕದೊಳಗೆ ಪೊಳ್ಳು), ಒಮ್ಮೆ ಬಾಸ್ (ಬೋಲ್ಟ್ ಮೊದಲಾದವು ಕೂರಲು ಎದ್ದು ನಿಂತ ಗುಬ್ಬಿ) ಜಾಗ ಬದಲು, ಒಮ್ಮೆ ಮೆಟೀರಿಯಲ್ಲೇ ಬದಲು.
– ಉದ್ಯಮಬಾಗ, ಬೆಳಗಾವಿ

ಉತ್ತರ: ಮೆಟೀರಿಯಲ್‌ನಿಂದ ಶುರು ಮಾಡೋಣ, ಅದು ಎಲ್ಲಕ್ಕಿಂತ ದುಬಾರಿ. ಬೀಡು ಕಬ್ಬಿಣ ತಣಿಯುವಾಗ ಸುಮಾರು ಶೇ. 1, ಎರಕದ ಉಕ್ಕು ಸುಮಾರು ಶೇ. 2 ಕುಗ್ಗುತ್ತದೆ. 600 ಮಿ.ಮೀ. ಉದ್ದದ ಭಾಗಕ್ಕೆ ಬೀಡಿನ ಲೆಕ್ಕದಲ್ಲಿ ಪ್ಯಾಟರ್ನ್ ಮಾಡಿ, ಅದರಲ್ಲೇ ಉಕ್ಕು ಹೊಯ್ದರೆ ಹತ್ತಿರ ಹತ್ತಿರ 6 ಮಿ.ಮೀ. ಗಿಡ್ಡ ಬರುತ್ತದೆ. ಮಷಿನಿಂಗ್‌ಗೆ ಬಿಟ್ಟ ಅಲೊವೆನ್ಸ್ ಅಲ್ಲಿಗೇ ಮುಗಿಯಿತು. ಮೆಟೀರಿಯಲ್ ಗ್ರೇಡಿಗೆ ಸಹಿ ಬೀಳುವವರೆಗೆ ಮರ ಕೊಯ್ಯಬೇಡಿ.

ಶ್ರಿಂಕೇಜ್ ವಿಷಯ ಎಷ್ಟೋ ಸಲ ಡ್ರಾಯಿಂಗ್ ನೋಡಿದಾಗಲೇ ಹೇಳಬಹುದು. 10 ಮಿ.ಮೀ.ನ ಎರಡು ಗೋಡೆ ‘ಟಿ’ ಆಕಾರದಲ್ಲಿ ಕೂಡುವ ಜಾಗದಲ್ಲಿ ಒಳಗೆ ಹಿಡಿಸುವ ಅತಿ ದೊಡ್ಡ ವೃತ್ತ ಎಳೆಯಿರಿ. ಮೂಲೆ ಚೂಪಾಗಿದ್ದರೆ ವೃತ್ತದ ವ್ಯಾಸ 12.5 ಮಿ.ಮೀ., 5 ಮಿ.ಮೀ. ಫಿಲೆಟ್ (ಮೂಲೆಗೆ ಕೊಡುವ ದುಂಡು) ಕೊಟ್ಟರೆ 15, 10 ಮಿ.ಮೀ. ಕೊಟ್ಟರೆ 17.5. ವೃತ್ತ ದೊಡ್ಡದಾದಷ್ಟೂ ಅಲ್ಲಿನ ಲೋಹ ತಡವಾಗಿ ಗಟ್ಟಿಯಾಗುತ್ತದೆ. ಸುತ್ತಲಿನ ಗೋಡೆ ಆಗಲೇ ಗಟ್ಟಿಯಾಗಿರುವುದರಿಂದ ರೈಸರ್‌ನ (ಎರಕ ಕುಗ್ಗುವಾಗ ಲೋಹ ಪೂರೈಸುವ ಹೆಚ್ಚುವರಿ ಭಾಗ) ಲೋಹ ಅಲ್ಲಿಗೆ ತಲುಪದೆ ಪೊಳ್ಳು ಉಳಿಯುತ್ತದೆ. ಹಾಗೆಂದು ಮೂಲೆಯನ್ನು ಚೂಪಾಗಿ ಬಿಟ್ಟರೆ ಬಿರುಕು. ‘ಫಿಲೆಟ್ ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂದು ನಂಬಿದ ಡಿಸೈನರ್‌ಗೆ ಈ ಮೂರು ಅಂಕಿ ತೋರಿಸಿ. ಕೊಟೇಶನ್ ಕೊಡುವ ಮೊದಲೇ ಇಂಥ ಜಾಗಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಡ್ರಾಯಿಂಗ್ ವಾಪಸ್ ಕಳಿಸಿ. ಆರ್ಡರ್ ಕೈತಪ್ಪುತ್ತದೆ ಎಂಬ ಅಳುಕಿನಿಂದ ನಮ್ಮ ಫೌಂಡ್ರಿಗಳು ಈ ಮಾತು ಆಡುವುದೇ ಕಡಿಮೆ.

ಇನ್ನು ಬಾಸ್. ಜಾಗ ಖಚಿತವಿಲ್ಲದ ಬಾಸನ್ನು ಪ್ಯಾಟರ್ನ್‌ನಲ್ಲೇ ಕೆತ್ತಿಸಬೇಡಿ. ಡೋವೆಲ್ ಪಿನ್ ಮೇಲೆ ಕೂರುವ ಬಿಡಿ ತುಂಡಾಗಿ ಮಾಡಿಸಿ, ಸರಿಸುವುದು ಸುಲಭ. ಗೋಡೆಯ ದಪ್ಪದ ಬಗ್ಗೆ ಅನುಮಾನವಿದ್ದರೆ ಯಾವ ಕಡೆ ತಿದ್ದುವುದು ಸುಲಭ ಎಂದು ಮೊದಲು ಯೋಚಿಸಿ. ಪ್ಯಾಟರ್ನ್ ಕೆರೆದರೆ ಎರಕದ ಹೊರಮೈ ಚಿಕ್ಕದಾಗುತ್ತದೆ. ಕೋರ್ ಬಾಕ್ಸ್ (ಒಳಗಿನ ಟೊಳ್ಳಿಗಾಗಿ ಇಡುವ ಮರಳಿನ ಕೋರಿನ ಅಚ್ಚು) ಕೆರೆದರೆ ಕೋರ್ ದಪ್ಪವಾಗಿ ಎರಕದ ಒಳಗಿನ ಟೊಳ್ಳು ದೊಡ್ಡದಾಗುತ್ತದೆ. ಎರಡರಲ್ಲೂ ಗೋಡೆ ತೆಳುವಾಗುತ್ತದೆ. ಹಾಗಾಗಿ ಮೊದಲು ಗೋಡೆ ತುಸು ದಪ್ಪವೇ ಇರಲಿ, ಕೆರೆಯುವುದು ಸಲೀಸು, ತುಂಬುವುದು ತಲೆನೋವು. ಮರದ ಪ್ಯಾಟರ್ನ್‌ನಲ್ಲಿ ನಾಲ್ಕೈದು ಅಚ್ಚಿನ ಬಾಕ್ಸ್ ಹೊಯ್ದು, ಒಂದು ಎರಕವನ್ನು ಸುತ್ತು ಹಾಕಿದ ಜಾಗದಲ್ಲೇ ಗರಗಸದಿಂದ ಸೀಳಿ, ಇನ್ನೊಂದನ್ನು ಮಷಿನ್ ಮಾಡಿ ಜೋಡಿ ಭಾಗದೊಂದಿಗೆ ಕೂಡಿಸಿ ನೋಡಿ. ಅಲ್ಯೂಮಿನಿಯಂ ಮ್ಯಾಚ್ ಪ್ಲೇಟಿನ (ಪದೇಪದೇ ಬಳಸುವ ಗಟ್ಟಿ ಪ್ಯಾಟರ್ನ್) ಮಾತು ಅದಾದ ಮೇಲೆ.

ಪ್ರಶ್ನೆ: ಇಷ್ಟೆಲ್ಲ ಏಕೆ? ಮೊದಲ ದಿನವೇ ಡ್ರಾಯಿಂಗ್ ಫ್ರೀಜ್ ಮಾಡಿ, ಆಮೇಲಿನ ಪ್ರತಿ ಬದಲಾವಣೆಗೂ ಹಣ ಕೇಳಿದರಾಯಿತಲ್ಲ?
– ಹೊನಗಾ, ಬೆಳಗಾವಿ

ಉತ್ತರ: ಹಣ ಕೇಳಿ, ತಪ್ಪಿಲ್ಲ. ಆದರೆ ಗೊತ್ತಿಲ್ಲದ್ದನ್ನು ಫ್ರೀಜ್ ಮಾಡಿದ ಮಾತ್ರಕ್ಕೆ ಅದು ಗೊತ್ತಾಗುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇದಕ್ಕೇ ಹೇಳಿದಂತಿದೆ. ಲೀನ್ ಪದ್ಧತಿಯ ಮೂಲ ಜಪಾನಿನ ಕಾರು ಕಂಪನಿ ಟೊಯೊಟಾ. ಅಲ್ಲಿನ ಎಂಜಿನಿಯರುಗಳು ಹಲವು ಆಯ್ಕೆಗಳನ್ನು ಹೆಚ್ಚು ಕಾಲ ಜೀವಂತವಿಟ್ಟು, ಪರೀಕ್ಷೆಯಲ್ಲಿ ಸೋತದ್ದನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾರೆ, ತೀರ್ಮಾನ ತಡಮಾಡಿಯೂ ಕಾರು ಬೇಗ ಹೊರತರುತ್ತಾರೆ ಎಂದು ಸಂಶೋಧಕರಾದ ಅಲೆನ್ ವಾರ್ಡ್, ಜೆಫ್ರಿ ಲೈಕರ್ ಮತ್ತು ಅವರ ಸಂಗಡಿಗರು 1995ರಲ್ಲಿ ಬರೆದರು.

ಫ್ರೀಜ್ ಬೇಡವೆಂದಲ್ಲ, ಕಂತಿನಲ್ಲಿ ಆಗಲಿ. ಇನ್ನೊಬ್ಬರ ಭಾಗಕ್ಕೆ ಕೂಡುವ ಅಳತೆಗಳು ಮೊದಲು: ಪಿನ್ ಸೆಂಟರ್, ಬೋಲ್ಟ್ ವೃತ್ತ, ಪೋರ್ಟಿನ ಥ್ರೆಡ್. ಆಮೇಲೆ ತಡವಾಗಿ ಬರುವ ಮಾಲು. ಬಣ್ಣ, ಸ್ಟಿಕ್ಕರ್, ಕವರ್ ಕೊನೆಗೆ. ಹಳೆಯ ಮೂರು ಕೆಲಸಗಳ ಬದಲಾವಣೆ ಚೀಟಿಗಳನ್ನು ಹರಡಿಕೊಂಡು, ಪ್ರತಿಯೊಂದರ ಮೇಲೂ ‘ಇದು ಯಾವಾಗ ಗೊತ್ತಾಯಿತು, ಯಾವಾಗ ಗೊತ್ತಾಗಬಹುದಿತ್ತು’ ಎಂದು ಎರಡು ತಾರೀಖು ಬರೆಯಿರಿ. ಎರಡರ ನಡುವೆ ಅಂತರ ಹೆಚ್ಚಿರುವ ಚೀಟಿಗಳೇ ನಿಮ್ಮ ಮುಂದಿನ ಕೆಲಸದ ಚೆಕ್‌ಲಿಸ್ಟ್.

ಪ್ರಶ್ನೆ: ಕೃಷಿ ಉಪಕರಣ ಮಾಡುವ ಐದು ಜನರ ವರ್ಕ್‌ಶಾಪ್ ನಮ್ಮದು. ಕಂಪ್ಯೂಟರ್ ಡಿಸೈನ್ ಇಲ್ಲ. ನಮಗೆ ಇದು ಆಗುತ್ತದೆಯೆ?
– ಜಮಖಂಡಿ

ಉತ್ತರ: ದೊಡ್ಡ ಕಾರ್ಖಾನೆಗಿಂತ ನಿಮಗೇ ಸಲೀಸು. ಟೊಯೊಟಾದ ಮೊದಲ ಪ್ರಿಯಸ್ ಕಾರಿನ ಮುಖ್ಯ ಎಂಜಿನಿಯರ್ ತಾಕೇಶಿ ಉಚಿಯಾಮಾಡ ಎಲ್ಲ ವಿಭಾಗದವರನ್ನೂ ಒಂದೇ ಕೋಣೆಯಲ್ಲಿ ಸೇರಿಸಬೇಕಾಯಿತು. ಅದಕ್ಕೆ ಒಬೆಯಾ, ಅಂದರೆ ದೊಡ್ಡ ಕೋಣೆ ಎಂದು ಹೆಸರು. ನೀವು ಐವರೂ ಈಗಾಗಲೇ ಒಂದೇ ಶೆಡ್ಡಿನಲ್ಲಿದ್ದೀರಿ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಇನ್ನೂ ಗೊತ್ತಿಲ್ಲದ ಸಂಗತಿಗಳನ್ನು ಪ್ರಶ್ನೆಯಾಗಿ ಬರೆಯಿರಿ. ಎದುರಿಗೆ ಯಾರು, ಯಾವ ಪರೀಕ್ಷೆಯಿಂದ, ಯಾವ ತಾರೀಖಿನೊಳಗೆ ಕಂಡುಹಿಡಿಯಬೇಕು ಎಂಬುದಿರಲಿ.

ಪ್ಲೇಟ್ ಕತ್ತರಿಸುವ ಮೊದಲು ಅದೇ ಅಳತೆಯಲ್ಲಿ ಪ್ಲೈವುಡ್ ಕತ್ತರಿಸಿ, ಬೋಲ್ಟ್ ಹಾಕಿ ಟ್ರ್ಯಾಕ್ಟರ್‌ಗೆ ಜೋಡಿಸಿ. ತ್ರೀ-ಪಾಯಿಂಟ್ ಲಿಂಕೇಜನ್ನು (ಉಪಕರಣ ಸಿಕ್ಕಿಸಿ ಎತ್ತಿಳಿಸುವ ಮೂರು ತೋಳು) ಪೂರ್ತಿ ಮೇಲೆತ್ತಿ, ಪೂರ್ತಿ ಇಳಿಸಿ. ಎತ್ತಿದಾಗ ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್‌ನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗು ದಂಡ) ಎಲ್ಲಿ ತಾಗುತ್ತದೆ, ಗಾಲಿಗೂ ಚೌಕಟ್ಟಿಗೂ ಎಷ್ಟು ಅಂತರ, ಪಾನಾ ತಿರುಗಲು ಜಾಗವಿದೆಯೆ, ಗ್ರೀಸ್ ಗನ್ನಿನ ಮೂತಿ ನಿಪ್ಪಲ್‌ಗೆ ಮುಟ್ಟುತ್ತದೆಯೆ ನೋಡಿ. ಬೇರೆ ಬೇರೆ ಕಂಪನಿಯ ಎರಡು ಟ್ರ್ಯಾಕ್ಟರ್‌ಗಳಿಗಾದರೂ ಜೋಡಿಸಿ. ಲಿಂಕೇಜಿನ ಗಾತ್ರ ಹೇಳುವ ಕ್ಯಾಟಗರಿಗಳಲ್ಲಿ ಒಂದರ ಕೆಳಲಿಂಕ್ ಪಿನ್ 22 ಮಿ.ಮೀ., ಎರಡರದು 28 ಮಿ.ಮೀ. ರೈತರ ಬಳಿ ಯಾವುದಿದೆ ಎಂದು ಕೇಳದೆ ರಂಧ್ರ ಕೊರೆದರೆ ಆಮೇಲೆ ಬುಷ್ ಹುಡುಕಿಕೊಂಡು ಪೇಟೆಗೆ ಓಡಬೇಕಾಗುತ್ತದೆ.